ದಿನಕ್ಕೆ ಮೂರೂವರೆ ಗಂಟೆ ಕೆಲಸಕ್ಕೆ ಪೂರ್ತಿ ಇನ್ಶೂರೆನ್ಸ್? ವಾಷಿಂಗ್ಟನ್ ರಾಜ್ಯದ ಶಾಲಾ ನೌಕರರ ವಿಮೆ ಯೋಜನೆ ‘ಸೆಬ್’ ಬಗ್ಗೆ ಗೊತ್ತಿರುವವರು ದಯವಿಟ್ಟು ತಿಳಿಸಿ

ತುಂಗಾತೀರ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಸಿಯಾಟಲ್‌ನಿಂದ ಪೂರ್ವಕ್ಕಿರುವ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಪ್ಯಾರಾಎಜುಕೇಟರ್ (ತರಗತಿಯಲ್ಲಿ ಟೀಚರ್‌ಗೆ ನೆರವಾಗುವ ಸಹಾಯಕಿ) ಕೆಲಸದ ಆಫರ್ ಇದೆ. ದಿನಕ್ಕೆ 3.5 ಗಂಟೆ, ವರ್ಷಕ್ಕೆ 180 ದಿನ. ಆಫರ್ ಕಾಗದದಲ್ಲಿ ‘ಸೆಬ್‌ಗೆ ಅರ್ಹರು’ ಎಂದು ಒಂದೇ ಒಂದು ಸಾಲು ಇದೆ, ವಿವರ ಏನೂ ಇಲ್ಲ. ನನ್ನ ಪ್ರಶ್ನೆಗಳು ಇವು:

1. ಅರ್ಧ ದಿನದ ಕೆಲಸಕ್ಕೆ ಪೂರ್ತಿ ವಿಮೆ ಸಿಗುತ್ತದಾ, ಅಥವಾ ಗಂಟೆ ಲೆಕ್ಕದಲ್ಲಿ ಡಿಸ್ಟ್ರಿಕ್ಟ್ ಅರ್ಧ ಕೊಟ್ಟು ಉಳಿದದ್ದನ್ನು ನಾವು ಕಟ್ಟಬೇಕಾ?

2. ಇನ್ನೊಂದು ಆಯ್ಕೆಯೂ ಇದೆ. ಇದೇ ಡಿಸ್ಟ್ರಿಕ್ಟ್‌ನ ಮನೆ ಹತ್ತಿರದ ಶಾಲೆಯಲ್ಲಿ 3 ಗಂಟೆ ಕೆಲಸ, ಜೊತೆಗೆ ಪಕ್ಕದ ಡಿಸ್ಟ್ರಿಕ್ಟ್‌ನಲ್ಲಿ ಸಂಜೆ ಒಂದೂವರೆ ಗಂಟೆ. ಎರಡೂ ಸೇರಿದರೆ ಗಂಟೆ ಜಾಸ್ತಿಯೇ ಆಗುತ್ತದೆ. ಇದಕ್ಕೂ ಸೆಬ್ ಸಿಗುತ್ತದಾ?

3. ನಮ್ಮ ಯಜಮಾನರ ಸಾಫ್ಟ್‌ವೇರ್ ಕಂಪನಿಯಿಂದ ಮನೆಯವರಿಗೆಲ್ಲ ವಿಮೆ ಇದೆ. ಹೈ ಡಿಡಕ್ಟಿಬಲ್ ಪ್ಲಾನ್ (ಮೊದಲ ದೊಡ್ಡ ಮೊತ್ತ ನಮ್ಮ ಕೈಯಿಂದ, ಆಮೇಲಷ್ಟೇ ವಿಮೆ), ಹೆಚ್‌ಎಸ್‌ಎ ಎಂಬ ತೆರಿಗೆ ಇಲ್ಲದ ಆರೋಗ್ಯ ಉಳಿತಾಯ ಖಾತೆ ಸಮೇತ. ಸೆಬ್ ಬೇಡ ಅಂದರೆ ಆ ದುಡ್ಡು ಸಂಬಳದಲ್ಲಿ ಸೇರಿ ಬರುತ್ತದಾ? ಎರಡೂ ಇಟ್ಟುಕೊಂಡರೆ ಲಾಭ ಇದೆಯಾ?

4. ಹಿಂದೆಲ್ಲ ವಿಮೆ ಡಿಸ್ಟ್ರಿಕ್ಟ್ ಮತ್ತು ಯೂನಿಯನ್ ನಡುವಿನ ವಿಷಯವಾಗಿತ್ತಂತೆ. ರಾಜ್ಯ ಯಾಕೆ ಕೈಗೆ ತೆಗೆದುಕೊಂಡಿತು? ನೌಕರರಿಗೆ ಇದರಿಂದ ನಿಜವಾಗಿ ಅನುಕೂಲ ಆಯಿತಾ?

---

ಲೆಕ್ಕಪತ್ರ ಉತ್ತರಿಸಿದ್ದಾರೆ:

ನಿಮ್ಮ ಮೊದಲ ಎರಡು ಪ್ರಶ್ನೆಗೆ ಉತ್ತರ ಒಂದೇ ಸಂಖ್ಯೆಯಲ್ಲಿದೆ: 630. ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗಿನ ಶಾಲಾ ವರ್ಷದಲ್ಲಿ ನೀವು ಕನಿಷ್ಠ 630 ಗಂಟೆ ಕೆಲಸ ಮಾಡುತ್ತೀರಿ ಎಂಬ ನಿರೀಕ್ಷೆ ಇದ್ದರೆ ಸೆಬ್‌ಗೆ ಅರ್ಹರು. ಈಗ ಗುಣಿಸಿ ನೋಡಿ: 3.5 × 180 = 630. ನಿಮ್ಮ ಆಫರ್ ಸರಿಯಾಗಿ ಗೆರೆಯ ಮೇಲೆ ನಿಂತಿದೆ. ಗೆರೆ ಮುಟ್ಟಿದರೆ ಸಾಕು, ಪೂರ್ಣಾವಧಿ ಟೀಚರ್‌ಗೆ ಡಿಸ್ಟ್ರಿಕ್ಟ್ ಎಷ್ಟು ಕಟ್ಟುತ್ತದೋ ನಿಮಗೂ ಅಷ್ಟೇ ಕಟ್ಟಬೇಕು. ಗಂಟೆಗೆ ತಕ್ಕಂತೆ ಕಡಿತ ಮಾಡುವ ಹಳೆಯ ಪದ್ಧತಿ ಈಗಿಲ್ಲ.

ಇಲ್ಲಿ ‘ನಿರೀಕ್ಷೆ’ ಎಂಬುದು ಮುಖ್ಯ. ವರ್ಷದ ಆರಂಭದಲ್ಲಿ ನಿಮ್ಮ ವೇಳಾಪಟ್ಟಿ 630 ಗಂಟೆಯದ್ದಾಗಿದ್ದು, ಮಧ್ಯದಲ್ಲಿ ಎರಡು ದಿನ ಸಂಬಳವಿಲ್ಲದ ರಜೆ ಹಾಕಿದಿರಿ ಅನ್ನಿ. ಅರ್ಹತೆ ಹೋಗುವುದಿಲ್ಲ. ಸಂಬಳ ಸಮೇತ ರಜೆಯ ಗಂಟೆಗಳಂತೂ ಲೆಕ್ಕಕ್ಕೆ ಬಂದೇ ಬರುತ್ತವೆ. ಅರ್ಹತೆ ಹೋಗುವುದು ಕೆಲಸ ಬಿಟ್ಟಾಗ, ಇಲ್ಲವೇ ಡಿಸ್ಟ್ರಿಕ್ಟ್ ನಿಮ್ಮ ವೇಳಾಪಟ್ಟಿಯನ್ನೇ ಬದಲಿಸಿ 630ಕ್ಕಿಂತ ಕೆಳಗೆ ಇಳಿಸಿದಾಗ. ಆಗ ಆ ತಿಂಗಳ ಕೊನೆಗೆ ಕವರೇಜ್ ಮುಗಿಯುತ್ತದೆ.

ಆದರೆ ಆ ಎರಡು ದಿನದ ರಜೆ ಬೇರೊಂದು ಕಡೆ ಕಚ್ಚುತ್ತದೆ. ಹಿಂದಿನ ಎರಡು ಶಾಲಾ ವರ್ಷಗಳಲ್ಲೂ ಒಬ್ಬರು ನಿಜವಾಗಿ 630 ಗಂಟೆ ಪೂರೈಸಿ ಅದೇ ಬಗೆಯ ಕೆಲಸಕ್ಕೆ ಮರಳಿದರೆ, ಈ ವರ್ಷವೂ ಅರ್ಹರು ಎಂದೇ ಭಾವಿಸಬೇಕು ಎನ್ನುವ ನಿಯಮವಿದೆ. ಅಲ್ಲ ಎನ್ನುವುದಾದರೆ ಡಿಸ್ಟ್ರಿಕ್ಟ್ ನಿರ್ದಿಷ್ಟ ಕಾರಣಗಳನ್ನು ಲಿಖಿತವಾಗಿ ಕೊಡಬೇಕು. ಇದು ನೌಕರರ ಕೈಯಲ್ಲಿರುವ ಗಟ್ಟಿ ಆಸರೆ. ನಿಮ್ಮ ಹಾಗೆ ಗೆರೆಯ ಮೇಲೇ ಇರುವವರು ಒಂದು ದಿನ ಸಂಬಳವಿಲ್ಲದೆ ಕಳೆದರೆ ವರ್ಷದ ಮೊತ್ತ 626.5ಕ್ಕೆ ಇಳಿದು ಆ ಆಸರೆ ತಪ್ಪುತ್ತದೆ. ಹಾಗಾಗಿ ಕೆಲಸ ಒಪ್ಪುವ ಮೊದಲೇ ದಿನಕ್ಕೆ ಹತ್ತು ನಿಮಿಷವೋ ಹದಿನೈದು ನಿಮಿಷವೋ ಹೆಚ್ಚು ಕೇಳಿ. ಬಸ್ ಡ್ಯೂಟಿ, ಊಟದ ಹೊತ್ತಿನ ಉಸ್ತುವಾರಿ ಇಂಥವು ಹೆಚ್ಚಿನ ಶಾಲೆಗಳಲ್ಲಿ ಖಾಲಿ ಇರುತ್ತವೆ. ಆ ಹೆಚ್ಚುವರಿ ನಿಮಿಷ ಆಫರ್ ಕಾಗದದಲ್ಲಿ ದಾಖಲಾಗಬೇಕು, ಬಾಯಿಮಾತು ಸಾಲದು.

ಸಬ್‌ಸ್ಟಿಟ್ಯೂಟ್ ಟೀಚರ್‌ಗಳಿಗೂ ಇದೇ ಲೆಕ್ಕ. ದಿನಕ್ಕೆ 7 ಗಂಟೆಯಂತೆ 90 ದಿನವಾದರೆ 630. ಮೊದಲು ನಿರೀಕ್ಷೆ ಇಲ್ಲದೆಯೂ ವರ್ಷದ ನಡುವೆ ನಿಜವಾಗಿ 630 ಮುಟ್ಟಿದರೆ ಆ ದಿನವೇ ಅರ್ಹತೆ, ಮುಂದಿನ ತಿಂಗಳ 1ರಿಂದ ಕವರೇಜ್. ಡಿಸ್ಟ್ರಿಕ್ಟ್‌ನವರು ತಾವಾಗಿ ಗಮನಿಸುತ್ತಾರೆ ಎಂದು ಕೂರಬೇಡಿ, ಪೇ ಸ್ಲಿಪ್‌ನಲ್ಲಿರುವ ಗಂಟೆಗಳನ್ನು ಪ್ರತಿ ತಿಂಗಳು ನೀವೇ ಕೂಡಿಡಿ.

ಎರಡನೇ ಪ್ರಶ್ನೆ. 3 × 180 = 540, ಪಕ್ಕದ ಡಿಸ್ಟ್ರಿಕ್ಟ್‌ನದ್ದು 1.5 × 180 = 270. ಒಟ್ಟು 810 ಗಂಟೆ ದುಡಿದರೂ ಎಲ್ಲಿಯೂ ಸೆಬ್ ಸಿಗುವುದಿಲ್ಲ. ಒಂದೇ ಡಿಸ್ಟ್ರಿಕ್ಟ್‌ನೊಳಗಿನ ಬೇರೆ ಬೇರೆ ಕೆಲಸಗಳ ಗಂಟೆಗಳನ್ನು ಕೂಡಬೇಕು, ಎರಡು ಡಿಸ್ಟ್ರಿಕ್ಟ್‌ಗಳ ಗಂಟೆಗಳನ್ನು ಕೂಡುವಂತಿಲ್ಲ. ಬಹಳ ಜನ ಮುಗ್ಗರಿಸುವುದು ಇಲ್ಲೇ. 180 ಗಂಟೆಗಿಂತ ಮೇಲಿದ್ದು 630 ಮುಟ್ಟದವರಿಗೂ ಡಿಸ್ಟ್ರಿಕ್ಟ್ ಮತ್ತು ಯೂನಿಯನ್ ಸ್ಥಳೀಯವಾಗಿ ಒಪ್ಪಂದ ಮಾಡಿಕೊಂಡು ಸೆಬ್ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ನಿಮ್ಮ ಡಿಸ್ಟ್ರಿಕ್ಟ್‌ನ ಯೂನಿಯನ್ ಒಪ್ಪಂದದಲ್ಲಿ ಅದು ಇದೆಯಾ ಎಂದು ನೋಡಿ.

ತಡವಾಗಿ, ಅಂದರೆ ನವೆಂಬರ್‌ನಲ್ಲೋ ಜನವರಿಯಲ್ಲೋ ಸೇರುವವರಿಗೆ ಉಳಿದ ದಿನಗಳಲ್ಲಿ 630 ಆಗುವುದಿಲ್ಲ. ಅವರಿಗೆ ಬೇರೆ ದಾರಿ ಇದೆ. ಮುಂದಿನ ವರ್ಷ 630 ಆಗುವ ನಿರೀಕ್ಷೆ ಇರಬೇಕು, ಜೊತೆಗೆ ಈ ಶಾಲಾ ವರ್ಷದ ಕೊನೆಯ ಎಂಟು ವಾರಗಳ ಪೈಕಿ ಆರರಲ್ಲಿ ವಾರಕ್ಕೆ ಕನಿಷ್ಠ 17.5 ಗಂಟೆ ಇರಬೇಕು. 3.5 × 5 = 17.5, ಅಲ್ಲೂ ನೀವು ಗೆರೆಯ ಮೇಲೆಯೇ.

ಇನ್ನು ಅರ್ಜಿ. ಅರ್ಹರಾದ ದಿನದಿಂದ 31 ದಿನದೊಳಗೆ ‘ಬೆನಿಫಿಟ್ಸ್ 24/7’ ಪೋರ್ಟಲ್‌ನಲ್ಲಿ ಆಯ್ಕೆ ಮುಗಿಸಬೇಕು. ಮುಗಿಸದಿದ್ದರೆ ನಿಮ್ಮೊಬ್ಬರನ್ನೇ ರಾಜ್ಯದ ಸ್ವಂತ ಮೆಡಿಕಲ್ ಪ್ಲಾನ್ ಯುಎಂಪಿಯ ‘ಅಚೀವ್ 1’ಕ್ಕೆ ಸೇರಿಸಿ ಸಂಬಳದಿಂದ ಪ್ರೀಮಿಯಂ ಹಿಡಿಯುತ್ತಾರೆ. ತಂಬಾಕು ಬಳಸುವುದಿಲ್ಲ ಎಂದು ಘೋಷಿಸದ ಕಾರಣಕ್ಕೆ ತಿಂಗಳಿಗೆ 25 ಡಾಲರ್ ಸರ್‌ಚಾರ್ಜ್ ಬೇರೆ. ಗಂಡ, ಮಕ್ಕಳು ಅದರಲ್ಲಿ ಸೇರಿರುವುದಿಲ್ಲ. ಸೆಪ್ಟೆಂಬರ್ 1ರ ನಂತರ, ಶಾಲೆ ತೆರೆಯುವ ದಿನದೊಳಗೆ ಕೆಲಸಕ್ಕೆ ಹಾಜರಾದರೆ ಮೊದಲ ದಿನದಿಂದಲೇ ಕವರೇಜ್. ಆಮೇಲೆ ಸೇರಿದರೆ ಮುಂದಿನ ತಿಂಗಳ 1ರಿಂದ.

ನಮ್ಮವರಿಗೆ ತೊಡಕಾಗುವ ಇನ್ನೊಂದು ವಿಷಯ: ಮನೆಯವರನ್ನು ಸೇರಿಸಲು ದಾಖಲೆ ಬೇಕು. ಕನ್ನಡದಲ್ಲಿರುವ ವಿವಾಹ ನೋಂದಣಿ ಪತ್ರ, ಜನನ ಪತ್ರವನ್ನು ಹಾಗೇ ಅಪ್‌ಲೋಡ್ ಮಾಡಿದರೆ ತಿರಸ್ಕರಿಸುತ್ತಾರೆ. ವೃತ್ತಿಪರ ಅನುವಾದಕರ ಅನುವಾದ, ಅದಕ್ಕೆ ನೋಟರಿ ಮುದ್ರೆ ಎರಡೂ ಬೇಕು. ಅದಕ್ಕಿಂತ ಸುಲಭ ಎಂದರೆ ಗಂಡ ಹೆಂಡತಿ ಮಕ್ಕಳ ಹೆಸರಿರುವ ಇತ್ತೀಚಿನ ಫೆಡರಲ್ ಟ್ಯಾಕ್ಸ್ ರಿಟರ್ನ್. ಆದಾಯದ ಅಂಕಿ ಮರೆಮಾಡಿ ಕೊಟ್ಟರೂ ನಡೆಯುತ್ತದೆ.

---

ಹೊಯ್ಸಳ_ಬೆಲ್‌ವ್ಯೂ ಉತ್ತರಿಸಿದ್ದಾರೆ:

ಮೂರನೆಯ ಪ್ರಶ್ನೆಗೆ ನನ್ನ ಉತ್ತರ. ಬೇಡ ಎಂದರೆ ಕೈಗೆ ದುಡ್ಡು ಬರುವುದಿಲ್ಲ. ಡಿಸ್ಟ್ರಿಕ್ಟ್‌ಗೂ ಉಳಿತಾಯವಿಲ್ಲ. ನೀವು ಮೆಡಿಕಲ್ ಬಿಟ್ಟುಕೊಟ್ಟರೂ ನಿಮ್ಮ ತಲೆಯ ಲೆಕ್ಕದ ಪೂರ್ತಿ ಮೊತ್ತವನ್ನು ಡಿಸ್ಟ್ರಿಕ್ಟ್ ಪ್ರತಿ ತಿಂಗಳು ರಾಜ್ಯಕ್ಕೆ ಕಟ್ಟಲೇಬೇಕು. ಆದ್ದರಿಂದ ‘ನಾನು ಬಿಟ್ಟುಕೊಡುತ್ತೇನೆ, ಗಂಟೆ ಜಾಸ್ತಿ ಕೊಡಿ’ ಎಂದು ಹೆಚ್‌ಆರ್ ಹತ್ತಿರ ಚೌಕಾಸಿ ಮಾಡಲು ಆಗುವುದಿಲ್ಲ.

ಬಿಟ್ಟುಕೊಡಲು ಎಲ್ಲರಿಗೂ ಬರುವುದೂ ಇಲ್ಲ. ಬೇರೆ ಕಂಪನಿಯ ಗ್ರೂಪ್ ವಿಮೆ, ಸೇನೆಯವರ ಟ್ರೈಕೇರ್ ಅಥವಾ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್, ಈ ಮೂರರಲ್ಲಿ ಒಂದು ಇರಬೇಕು. ಯಜಮಾನರ ಕಂಪನಿಯದ್ದು ಗ್ರೂಪ್ ವಿಮೆಯಾದ್ದರಿಂದ ನಿಮಗೆ ದಾರಿ ಇದೆ. ಬಿಡುವುದು ಮೆಡಿಕಲ್ ಮಾತ್ರ. ಡೆಂಟಲ್, ಕಣ್ಣಿನ ವಿಮೆ, 35,000 ಡಾಲರ್‌ನ ಬೇಸಿಕ್ ಜೀವವಿಮೆ ಡಿಸ್ಟ್ರಿಕ್ಟ್ ಖರ್ಚಿನಲ್ಲೇ ಉಳಿಯುತ್ತವೆ. ಗಂಡ ಮಕ್ಕಳನ್ನೂ ಡೆಂಟಲ್ ಮತ್ತು ಕಣ್ಣಿನ ವಿಮೆಗೆ ಸೇರಿಸಿ, ಅದಕ್ಕೆ ನೀವು ಪ್ರೀಮಿಯಂ ಕಟ್ಟಬೇಕಾಗಿಲ್ಲ. ಮೆಡಿಕಲ್ ಬೇಡ ಎನ್ನುವವರು ಇದನ್ನೂ ಮರೆತು ಕೂರುತ್ತಾರೆ.

ಎರಡೂ ಇಟ್ಟುಕೊಳ್ಳುವ ವಿಚಾರ. ನಿಮ್ಮ ಆಸ್ಪತ್ರೆ ಬಿಲ್ಲಿಗೆ ನಿಮ್ಮ ಸೆಬ್ ಮೊದಲು, ಗಂಡನ ವಿಮೆ ಎರಡನೆಯದು. ಅವರ ಬಿಲ್ಲಿಗೆ ಇದರ ತಿರುಗಾಮುರುಗಾ. ಮಕ್ಕಳ ಬಿಲ್ಲಿಗೆ ಅಪ್ಪ ಅಮ್ಮನಲ್ಲಿ ಯಾರ ಹುಟ್ಟುಹಬ್ಬ ವರ್ಷದಲ್ಲಿ ಮೊದಲು ಬರುತ್ತದೋ ಅವರ ವಿಮೆ ಮೊದಲು. ಹುಟ್ಟಿದ ಇಸವಿ ಲೆಕ್ಕಕ್ಕಿಲ್ಲ. ಎರಡು ವಿಮೆ ಇದ್ದರೆ ಬಿಲ್ ಸೊನ್ನೆ ಎಂದು ಅನೇಕರು ನಂಬಿದ್ದಾರೆ. ಯುಎಂಪಿ ಎರಡನೆಯ ವಿಮೆಯಾದಾಗ, ತಾನೇ ಮೊದಲನೆಯದಾಗಿದ್ದರೆ ಎಷ್ಟು ಕೊಡುತ್ತಿತ್ತೋ ಅದರಲ್ಲಿ ಮೊದಲ ವಿಮೆ ಕೊಟ್ಟದ್ದನ್ನು ಕಳೆದು ಉಳಿದದ್ದನ್ನಷ್ಟೇ ಕೊಡುತ್ತದೆ. ಮೊದಲ ವಿಮೆ ಶೇ. 85 ಕೊಟ್ಟಿದ್ದರೆ, ಯುಎಂಪಿಯ ಪಾಲೂ ಶೇ. 85 ಆಗಿದ್ದರೆ, ಅದು ಕೊಡುವುದು ಸೊನ್ನೆ. ಉಳಿದ ಶೇ. 15 ನಿಮ್ಮ ಕೈಯಿಂದಲೇ.

ಹೆಚ್‌ಎಸ್‌ಎ ಇರುವ ಮನೆಯವರು ಬೀಳಬಹುದಾದ ಎರಡು ಗುಂಡಿಗಳಿವೆ. ಒಂದು, ಸೆಬ್‌ನ ಸಾಮಾನ್ಯ ಪ್ಲಾನ್‌ಗೆ ಯಜಮಾನರನ್ನು ಸೇರಿಸಿದರೆ ಅವರು ಹೆಚ್‌ಎಸ್‌ಎಗೆ ದುಡ್ಡು ಹಾಕುವ ಅರ್ಹತೆ ಕಳೆದುಕೊಳ್ಳುತ್ತಾರೆ. ಇನ್ನೊಂದು ಕಣ್ಣಿಗೆ ಬೀಳದ್ದು: ನೀವು ಸೆಬ್ ಮೂಲಕ ಮೆಡಿಕಲ್ ಎಫ್‌ಎಸ್‌ಎ (ಚಿಕಿತ್ಸೆ ಖರ್ಚಿಗೆಂದು ತೆರಿಗೆಗೆ ಮುಂಚೆಯೇ ಸಂಬಳದಿಂದ ದುಡ್ಡು ಎತ್ತಿಡುವ ಖಾತೆ) ತೆರೆದರೂ ಅದೇ ಗತಿ. ಏಕೆಂದರೆ ಆ ಖಾತೆಯಿಂದ ಗಂಡನ ಔಷಧಿ ಖರ್ಚನ್ನೂ ತೆಗೆಯಬಹುದು, ಹಾಗಾಗಿ ತೆರಿಗೆ ಕಾನೂನಿನ ಕಣ್ಣಿಗೆ ಅದು ಅವರ ಎರಡನೇ ವಿಮೆ. ಮಕ್ಕಳ ಡೇಕೇರ್ ಖರ್ಚಿನ ಖಾತೆಗೆ ಈ ತೊಂದರೆ ಇಲ್ಲ.

ಯಜಮಾನರು ತಮ್ಮ ಕಂಪನಿಯ ಒಳ್ಳೆಯ ವಿಮೆ ಬಿಟ್ಟು ನಿಮ್ಮ ಸೆಬ್‌ಗೆ ಬಂದರೆ ತಿಂಗಳಿಗೆ 50 ಡಾಲರ್ ಸರ್‌ಚಾರ್ಜ್. ಅವರು ತಮ್ಮದನ್ನೂ ಇಟ್ಟುಕೊಂಡು ನಿಮ್ಮದಕ್ಕೂ ಸೇರಿದರೆ ಅದು ಬೀಳದು.

ನನ್ನ ಸಲಹೆ: ಈಗ ಮೆಡಿಕಲ್ ಬಿಟ್ಟುಕೊಡಿ, ಆದರೆ ಅರ್ಹತೆ ಮಾತ್ರ ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ. ಸಾಫ್ಟ್‌ವೇರ್ ಕೆಲಸ ಇವತ್ತಿದ್ದು ನಾಳೆ ಇಲ್ಲ ಎನ್ನುವಂಥ ಕಾಲ ಇದು. ಅಲ್ಲಿ ಲೇಆಫ್ ಆದರೆ 60 ದಿನದೊಳಗೆ ಇಡೀ ಮನೆಯನ್ನು ಸೆಬ್‌ಗೆ ಸೇರಿಸಬಹುದು, ವರ್ಷಕ್ಕೊಮ್ಮೆ ಬರುವ ಓಪನ್ ಎನ್‌ರೋಲ್‌ಮೆಂಟ್‌ಗೆ ಕಾಯಬೇಕಿಲ್ಲ. ಕೆಲಸ ಹೋದ ಮೇಲೂ ಹಳೆಯ ಕಂಪನಿಯ ವಿಮೆಯನ್ನೇ ಉಳಿಸಿಕೊಳ್ಳುವ ‘ಕೋಬ್ರಾ’ಕ್ಕೆ ಕಟ್ಟುವ ಪೂರ್ತಿ ಪ್ರೀಮಿಯಂ ಜೊತೆ ಹೋಲಿಸಿದರೆ ಇದು ತೀರಾ ಕಡಿಮೆ ಖರ್ಚು. 60 ದಿನ ಇದೆಯಲ್ಲ ಎಂದು ತಡಮಾಡಬೇಡಿ. ಘಟನೆಯ ದಿನ, ಅರ್ಜಿ ಅವರ ಕೈಸೇರಿದ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಅದರ ಮುಂದಿನ ತಿಂಗಳ 1ರಿಂದ ಕವರೇಜ್. ಅಕ್ಟೋಬರ್ 31ಕ್ಕೆ ಹಳೆಯದು ಮುಗಿಯುವುದಾದರೆ ಅರ್ಜಿ ಅಕ್ಟೋಬರ್‌ನಲ್ಲೇ ಹೋಗಬೇಕು. ನವೆಂಬರ್ 20ಕ್ಕೆ ಕಳಿಸಿದರೆ ಡಿಸೆಂಬರ್ 1ರವರೆಗೆ ವಿಮೆ ಇಲ್ಲದ ಒಂದು ತಿಂಗಳು.

---

ಸಂಖ್ಯಾಶಾಸ್ತ್ರಿ ಉತ್ತರಿಸಿದ್ದಾರೆ:

ನಾಲ್ಕನೇ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು, ಇದನ್ನು ಯಾರೂ ಕೇಳುವುದಿಲ್ಲ. 2017ರಲ್ಲಿ ವಾಷಿಂಗ್ಟನ್ ಶಾಸಕಾಂಗ ಶಾಲೆಗಳ ಹಣಕಾಸಿನ ದೊಡ್ಡ ಕಾನೂನು ತಂದಿತು. ಅದರ ಒಂದು ಭಾಗವಾಗಿ ಶಾಲಾ ನೌಕರರ ಬೆನಿಫಿಟ್ಸ್ ಬೋರ್ಡ್, ಅಂದರೆ ಸೆಬ್, ಹುಟ್ಟಿತು. ಕವರೇಜ್ ಶುರುವಾದದ್ದು 2020ರ ಜನವರಿ 1ರಂದು. 295 ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಲಕ್ಷಕ್ಕೂ ಹೆಚ್ಚು ನೌಕರರು ಒಂದೇ ಪೂಲ್‌ಗೆ ಬಂದರು.

ಅದಕ್ಕೂ ಮೊದಲು ಪ್ರತಿ ಡಿಸ್ಟ್ರಿಕ್ಟ್ ಪ್ರತಿ ಯೂನಿಯನ್ ಜೊತೆ ಬೇರೆ ಬೇರೆ ಚೌಕಾಸಿ ಮಾಡುತ್ತಿತ್ತು. ರಾಜ್ಯ ತಲೆಗಿಷ್ಟು ಎಂದು ದುಡ್ಡು ಕೊಡುತ್ತಿತ್ತು; ಒಂಟಿ ನೌಕರರ ಲೆಕ್ಕದಲ್ಲಿ ಉಳಿದದ್ದನ್ನು ಅದೇ ಯೂನಿಯನ್‌ನ ಕುಟುಂಬಸ್ಥರಿಗೆ ಹಂಚುವುದನ್ನೇ ಆಗ ‘ಪೂಲಿಂಗ್’ ಎನ್ನುತ್ತಿದ್ದರು. ಪೂಲ್‌ನಲ್ಲಿ ಇನ್ನೂರೇ ಜನ ಇದ್ದರೆ ಹಂಚಲು ಉಳಿಯುವುದಾದರೂ ಎಷ್ಟು? ಅರ್ಧ ದಿನದ ಬಸ್ ಡ್ರೈವರ್‌ಗೆ, ಅಡುಗೆಮನೆಯವರಿಗೆ ಗಂಟೆ ಲೆಕ್ಕದಲ್ಲಿ ಅರ್ಧ ದುಡ್ಡು. ಹೆಂಡತಿ ಮಕ್ಕಳನ್ನು ಸೇರಿಸಲು ತಿಂಗಳಿಗೆ ನೂರಾರು ಡಾಲರ್. ಸಂಬಳಕ್ಕಿಂತ ಪ್ರೀಮಿಯಂ ದೊಡ್ಡದಾದ ಉದಾಹರಣೆಗಳೂ ಇದ್ದವು. ಕುಟುಂಬದ ಪ್ರೀಮಿಯಂ ಒಬ್ಬರ ಪ್ರೀಮಿಯಂನ ಮೂರು ಪಟ್ಟಿನ ಹತ್ತಿರಕ್ಕೆ ಬರಬೇಕು ಎಂದು 2012ರ ಕಾನೂನು ಹೇಳಿತ್ತು, ಆದರೆ ಚೂರುಚೂರಾದ ಪೂಲ್‌ಗಳಲ್ಲಿ ಅದು ಆಗುವ ಮಾತಾಗಿರಲಿಲ್ಲ.

ಸೆಬ್ ಅದನ್ನು ನಿಯಮವನ್ನಾಗಿಯೇ ಮಾಡಿತು. ಒಬ್ಬರಿಗೆ 1, ಸಂಗಾತಿ ಸೇರಿದರೆ 2, ಮಕ್ಕಳು ಸೇರಿದರೆ 1.75, ಎಲ್ಲರೂ ಸೇರಿದರೆ 3. ಒಂದು ಪ್ಲಾನ್‌ಗೆ ಒಬ್ಬರ ಪಾಲು 100 ಡಾಲರ್ ಎಂದರೆ ಇಡೀ ಮನೆಗೆ 300, ಮಕ್ಕಳು ಒಬ್ಬರಿರಲಿ ನಾಲ್ವರಿರಲಿ. ಡಿಸ್ಟ್ರಿಕ್ಟ್ ಪಾಲು ‘ಯುಎಂಪಿ ಅಚೀವ್ 2’ ಪ್ರೀಮಿಯಂನ ಶೇ. 85. ಅದೇ ಮೊತ್ತ ಯಾವ ಪ್ಲಾನ್ ತೆಗೆದುಕೊಂಡರೂ ಅನ್ವಯ, ಮೇಲಿನದ್ದು ನೌಕರರದ್ದು. ಈ ಶೇಕಡಾವಾರು ಎಷ್ಟಿರಬೇಕು ಎಂಬುದನ್ನು ಯೂನಿಯನ್‌ಗಳ ಒಕ್ಕೂಟ ಗವರ್ನರ್ ಪ್ರತಿನಿಧಿಗಳ ಜೊತೆ ಕೂತು ಇಡೀ ರಾಜ್ಯಕ್ಕೆ ಒಮ್ಮೆಗೇ ತೀರ್ಮಾನಿಸುತ್ತದೆ. ಪ್ಲಾನ್ ಹೇಗಿರಬೇಕು ಎನ್ನುವುದು ಒಂಬತ್ತು ಜನರ ಬೋರ್ಡಿನ ಕೆಲಸ.

ಪೂಲ್ ದೊಡ್ಡದಾದರೆ ವಿಮೆ ಅಗ್ಗವಾಗುತ್ತದೆ ಎಂದು ಪ್ರಚಾರ ಮಾಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಪೂಲ್ ದೊಡ್ಡದಾದ ಮಾತ್ರಕ್ಕೆ ಸಿಯಾಟಲ್‌ನ ಆಸ್ಪತ್ರೆಗಳು ದರ ಇಳಿಸುವುದಿಲ್ಲ. ಪೂಲ್ ಮಾಡುವುದು ಎರಡು ಕೆಲಸ. ಇನ್ನೂರು ನೌಕರರ ಡಿಸ್ಟ್ರಿಕ್ಟ್‌ನಲ್ಲಿ ಒಬ್ಬರಿಗೆ ಅಂಗಾಂಗ ಕಸಿಯಾದರೆ ಮರುವರ್ಷ ಎಲ್ಲರ ಪ್ರೀಮಿಯಂ ನೆಗೆಯುತ್ತದೆ. ಲಕ್ಷ ಜನರಲ್ಲಿ ಅಂಥ ಖರ್ಚು ಎಷ್ಟು ಬರುತ್ತದೆಂದು ಮೊದಲೇ ಅಂದಾಜು ಮಾಡಬಹುದು, ಯಾರಿಗೂ ಏಟು ಬೀಳದು. ಎರಡನೆಯದು, ಭಾರ ಯಾರ ಹೆಗಲ ಮೇಲೆ ಎಂಬುದು ಬದಲಾಗುತ್ತದೆ. ಕುಟುಂಬಸ್ಥರ, ಅರ್ಧ ದಿನದವರ ಹೆಗಲಿನಿಂದ ಅದು ಸರ್ಕಾರದ ಬಜೆಟ್ಟಿಗೆ ಹೋಯಿತು. ಇದು ಸರಿಯಾದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಇದು ನಿಲ್ಲುವುದು ಕಡ್ಡಾಯವಾಗಿದ್ದರೆ ಮಾತ್ರ. ಟೆಕ್ಸಸ್ ನೋಡಿ. ಅಲ್ಲಿನ ಶಾಲಾ ನೌಕರರ ವಿಮೆ ಯೋಜನೆ ‘ಟಿಆರ್‌ಎಸ್ ಆಕ್ಟಿವ್‌ಕೇರ್’ 2002ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. 500 ಅಥವಾ ಅದಕ್ಕಿಂತ ಕಡಿಮೆ ನೌಕರರ ಡಿಸ್ಟ್ರಿಕ್ಟ್‌ಗಳಿಗೆ ಆಗ ಕಡ್ಡಾಯ, ದೊಡ್ಡವಕ್ಕೆ ಇಷ್ಟ. ರಾಜ್ಯದ ಪಾಲು ತಿಂಗಳಿಗೆ 75 ಡಾಲರ್, ಡಿಸ್ಟ್ರಿಕ್ಟ್‌ನ ಕನಿಷ್ಠ ಪಾಲು 150. ಪ್ರೀಮಿಯಂ ಏರುತ್ತಲೇ ಹೋದರೂ ಈ 225 ಎಂಬ ಕನಿಷ್ಠ ಮೊತ್ತ ಎರಡು ದಶಕ ಅಲ್ಲಾಡಲಿಲ್ಲ, ಏರಿದ್ದರ ಬಹುಪಾಲು ಟೀಚರ್‌ಗಳ ಸಂಬಳದಿಂದ ಹೋಯಿತು. 2021ರಲ್ಲಿ ಹೊರಹೋಗಲು ಅವಕಾಶ ಕೊಟ್ಟರು. ಹೋದವರು ಐದು ವರ್ಷ ಮರಳಿ ಬರುವಂತಿಲ್ಲ ಎಂಬ ಷರತ್ತೊಂದೇ ತಡೆ. ಆರೋಗ್ಯವಾಗಿರುವ ನೌಕರರು ಹೆಚ್ಚಿರುವ ಡಿಸ್ಟ್ರಿಕ್ಟ್‌ಗೆ ಹೊರಗೆ ಅಗ್ಗದ ದರ ಸಿಗುತ್ತದೆ, ಅದು ಎದ್ದು ಹೋಗುತ್ತದೆ, ಉಳಿದವರ ಸರಾಸರಿ ಖರ್ಚು ಏರುತ್ತದೆ, ಆಗ ಇನ್ನೊಬ್ಬರು ಏಳುತ್ತಾರೆ. ಚೀಟಿ ಎತ್ತದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರೆ ಚೀಟಿ ನಡೆಸುವವರ ಗತಿ ಏನಾಗುತ್ತದೋ ಹಾಗೆ. ನ್ಯೂಜೆರ್ಸಿ 2007ರಲ್ಲಿ ಶಾಲಾ ನೌಕರರಿಗೆಂದೇ ಪ್ರತ್ಯೇಕ ರಾಜ್ಯ ಯೋಜನೆ ಮಾಡಿತು, ಡಿಸ್ಟ್ರಿಕ್ಟ್‌ಗಳಿಗೆ ಇಷ್ಟವಿದ್ದರೆ ಸೇರಿ ಎಂದಿತು; ಅಲ್ಲೂ ಇದೇ ರೋಗ.

ಒರೆಗಾನ್‌ನ ಶಾಲಾ ನೌಕರರ ಬೋರ್ಡ್ ಓಇಬಿಬಿ ಸೆಬ್‌ಗಿಂತ ಹಳೆಯದು, 2007ರ ಕಾನೂನು, 2008ರ ಅಕ್ಟೋಬರ್‌ನಿಂದ ಕವರೇಜ್. ಪ್ಲಾನ್‌ಗಳು ರಾಜ್ಯದ್ದು, ಆದರೆ ಅವುಗಳಲ್ಲಿ ಯಾವುವನ್ನು ಕೊಡಬೇಕು, ತಾನೆಷ್ಟು ಕಟ್ಟಬೇಕು ಎನ್ನುವುದು ಡಿಸ್ಟ್ರಿಕ್ಟ್ ಮತ್ತು ಯೂನಿಯನ್ ಕೈಯಲ್ಲಿ. ಹೀಗಾಗಿ ಎರಡು ಪಕ್ಕದೂರುಗಳ ಟೀಚರ್‌ಗಳ ಕೈಯಿಂದ ಹೋಗುವ ಮೊತ್ತ ಇವತ್ತಿಗೂ ಬೇರೆ ಬೇರೆ. ಮಿಷಿಗನ್‌ನಲ್ಲಿ 2009ರಲ್ಲಿ ಸ್ಪೀಕರ್ ಆ್ಯಂಡಿ ಡಿಲ್ಲನ್ ಶಾಲೆಯವರೂ ಸೇರಿ ಎಲ್ಲ ಸಾರ್ವಜನಿಕ ನೌಕರರಿಗೆ ಒಂದೇ ಪೂಲ್ ಎಂದು ಪ್ರಸ್ತಾಪಿಸಿದ್ದರು, ಆಗಲಿಲ್ಲ. 2011ರಲ್ಲಿ ಬಂದದ್ದು ಉದ್ಯೋಗದಾತರ ಪಾಲಿಗೆ ಮಿತಿ ಹೇರುವ ಕಾನೂನು. ಪೂಲ್ ಇಲ್ಲದೆ ಮಿತಿ ಮಾತ್ರ ತಂದರೆ ಭಾರ ನೌಕರರ ಮೇಲೇ ಜಾರುತ್ತದೆ.

---

ಹಳ್ಳಿಶಾಲೆ_ಬಜೆಟ್ ಉತ್ತರಿಸಿದ್ದಾರೆ:

ಸಂಖ್ಯಾಶಾಸ್ತ್ರಿಗಳು ಹೇಳಿದ್ದು ಸರಿ, ಆದರೆ ‘ಸರ್ಕಾರದ ಬಜೆಟ್ಟಿಗೆ ಹೋಯಿತು’ ಎನ್ನುವ ಮಾತು ಪೂರ್ತಿ ನಿಜವಲ್ಲ ಸರ್. ಅರ್ಧ ಹೋದದ್ದು ಡಿಸ್ಟ್ರಿಕ್ಟ್‌ನ ಬಜೆಟ್ಟಿಗೆ.

ರಾಜ್ಯ ದುಡ್ಡು ಕೊಡುವುದು ಪೂರ್ಣಾವಧಿ ಹುದ್ದೆಗಳ ಲೆಕ್ಕದಲ್ಲಿ, ಡಿಸ್ಟ್ರಿಕ್ಟ್ ಕಟ್ಟುವುದು ತಲೆ ಲೆಕ್ಕದಲ್ಲಿ. ಅಂತರ ತುಂಬಲು ಒಂದು ಗುಣಕವಿದೆ: ಟೀಚರ್ ವರ್ಗಕ್ಕೆ 1.02, ಉಳಿದ ಸಿಬ್ಬಂದಿಗೆ 1.43. ಅಂದರೆ ಪ್ಯಾರಾ, ಬಸ್, ಅಡುಗೆ ಸಿಬ್ಬಂದಿಯ 100 ಪೂರ್ಣಾವಧಿ ಹುದ್ದೆಗೆ 143 ಜನರ ವಿಮೆ ದುಡ್ಡು ಬರುತ್ತದೆ. ಆದರೆ ಆ 100 ಎಂಬುದು ರಾಜ್ಯದ ಸೂತ್ರ ಒಪ್ಪುವ ಹುದ್ದೆಗಳು ಮಾತ್ರ. ವಿಶೇಷ ಅಗತ್ಯದ ಮಕ್ಕಳು ಜಾಸ್ತಿ ಇರುವ ಶಾಲೆ ಸೂತ್ರಕ್ಕಿಂತ ಹೆಚ್ಚು ಪ್ಯಾರಾಗಳನ್ನು ಇಟ್ಟುಕೊಳ್ಳಲೇಬೇಕಾಗುತ್ತದೆ. ಅವರ ವಿಮೆ ಸ್ಥಳೀಯ ಲೆವಿ ತೆರಿಗೆಯಿಂದ. ಮೊದಲ ವರ್ಷಗಳಲ್ಲೇ ತಲೆಗೆ ತಿಂಗಳಿಗೆ ಸುಮಾರು 1,000 ಡಾಲರ್ ಇತ್ತು, ಅಂದರೆ ವರ್ಷಕ್ಕೆ ಹನ್ನೆರಡು ಸಾವಿರ. 7 ಗಂಟೆಯ ಒಂದು ಪ್ಯಾರಾ ಹುದ್ದೆಯನ್ನು 3.5ರ ಎರಡಾಗಿ ಒಡೆದರೆ ಸಂಬಳದ ಖರ್ಚು ಅಷ್ಟೇ, ವಿಮೆ ಖರ್ಚು ಇಮ್ಮಡಿ. ಇಬ್ಬರಲ್ಲೊಬ್ಬರು ಮೆಡಿಕಲ್ ಬಿಟ್ಟುಕೊಟ್ಟರೂ ಇಮ್ಮಡಿಯೇ.

ಇದರ ಫಲ ಏನೆಂದರೆ ಕೆಲವು ಕಡೆ 3.25 ಗಂಟೆಯ ಹುದ್ದೆಗಳು ಕಾಣಿಸುತ್ತವೆ. 3.25 × 180 = 585. ದಿನಕ್ಕೆ ಹದಿನೈದು ನಿಮಿಷ ಕಡಿಮೆ ಮಾಡಿ ಒಂದು ಕುಟುಂಬದ ಪೂರ್ತಿ ವಿಮೆಯನ್ನು ತಪ್ಪಿಸಿದ ಹಾಗಾಯಿತು. ಇದು ಪೂಲ್‌ನ ತಪ್ಪಲ್ಲ, ಗೆರೆಯ ಒಂದು ಬದಿಯಲ್ಲಿ ಎಲ್ಲ, ಇನ್ನೊಂದು ಬದಿಯಲ್ಲಿ ಏನೂ ಇಲ್ಲ ಎನ್ನುವ ವಿನ್ಯಾಸದ ತಪ್ಪು. 630ರ ಕೆಳಗಿನವರಿಗೂ ರಾಜ್ಯ ಭಾಗಶಃ ಕೊಡುವಂತಾಗಬೇಕು, ಹುದ್ದೆಗಳ ಸೂತ್ರವೂ ನಿಜವಾದ ಸಿಬ್ಬಂದಿ ಸಂಖ್ಯೆಗೆ ಹತ್ತಿರ ಬರಬೇಕು. ಅದಾಗುವವರೆಗೆ ಹುದ್ದೆಯ ಪ್ರಕಟಣೆ ಓದುವಾಗ ಗಂಟೆಯ ದಶಮಾಂಶವನ್ನು ಮೊದಲು ನೋಡಿ, ಆಮೇಲೆ ಸಂಬಳ ನೋಡಿ.

ಇನ್ನೊಂದು: ಪೂರ್ವ ವಾಷಿಂಗ್ಟನ್‌ನ ಹಳ್ಳಿ ಕಡೆಯವರಿಗೆ ಎಲ್ಲ ಪ್ಲಾನ್‌ಗಳೂ ಸಿಗುವುದಿಲ್ಲ. ಕೈಸರ್ ಎಂಬ ಸಂಸ್ಥೆಯ ಪ್ಲಾನ್‌ಗಳು ಕೆಲವು ಕೌಂಟಿಗಳಿಗೆ ಸೀಮಿತ, ಯುಎಂಪಿ ಅಚೀವ್ ಎಲ್ಲ ಕಡೆ ಇದೆ. ಊರು ಬದಲಾಯಿಸುವವರು ಮೊದಲು ಇದನ್ನು ವಿಚಾರಿಸಿಕೊಳ್ಳಿ.

---

ತುಂಗಾತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಪಕ್ಕದ ಡಿಸ್ಟ್ರಿಕ್ಟ್ ಆಲೋಚನೆ ಕೈಬಿಟ್ಟೆ, 3.75 ಗಂಟೆ ಕೇಳುತ್ತೇನೆ. ಇನ್ನೆರಡು ಸಣ್ಣ ಸಂಶಯ. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಆರೋಗ್ಯ ಸಂಜೀವಿನಿಯಲ್ಲಿ ಅವಲಂಬಿತ ಅಪ್ಪ ಅಮ್ಮನೂ ಸೇರುತ್ತಾರೆ. ಸೆಬ್‌ನಲ್ಲಿ ಹಾಗೆ ಸೇರಿಸಬಹುದಾ? ಮತ್ತೆ, ಡಿಸ್ಟ್ರಿಕ್ಟ್‌ನವರು ನೀವು ಅರ್ಹರಲ್ಲ ಎಂದುಬಿಟ್ಟರೆ ಯಾರನ್ನು ಕೇಳಬೇಕು?

---

ಲೆಕ್ಕಪತ್ರ ಉತ್ತರಿಸಿದ್ದಾರೆ:

ಇಲ್ಲ ಮೇಡಂ. ಸಂಗಾತಿ, 26 ತುಂಬುವವರೆಗೆ ಮಕ್ಕಳು, ಅಂಗವೈಕಲ್ಯವಿದ್ದರೆ ಆಮೇಲೂ ಮಕ್ಕಳು, ಅಷ್ಟೇ. ತೆರಿಗೆಯಲ್ಲಿ ಅಪ್ಪ ಅಮ್ಮನನ್ನು ಅವಲಂಬಿತರೆಂದು ತೋರಿಸಿದ್ದರೂ ಸೆಬ್‌ಗೆ ಸೇರುವುದಿಲ್ಲ. ಪ್ರವಾಸಕ್ಕೆ ಬರುವ ಹಿರಿಯರಿಗೆ ವಿಸಿಟರ್ ಇನ್ಶೂರೆನ್ಸ್ ಪ್ರತ್ಯೇಕ ಕೊಳ್ಳಬೇಕು. ಕೊಳ್ಳುವಾಗ ‘ಫಿಕ್ಸೆಡ್ ಬೆನಿಫಿಟ್’ ಬೇಡ, ‘ಕಾಂಪ್ರಹೆನ್ಸಿವ್’ ನೋಡಿ. ಮೊದಲನೆಯದು ಪ್ರತಿ ಚಿಕಿತ್ಸೆಗೆ ಇಷ್ಟೇ ಎಂದು ಸಣ್ಣ ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಶುಗರ್, ಬಿಪಿಯಂಥ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಹಠಾತ್ ಉಲ್ಬಣಿಸಿದಾಗ ಮಾತ್ರ ಕೊಡುತ್ತಾರೆ, ಅದಕ್ಕೂ ವಯಸ್ಸಿನ ಮಿತಿ ಇರುತ್ತದೆ. ಆ ಷರತ್ತನ್ನು ಊರಿನಿಂದ ಹೊರಡುವ ಮೊದಲೇ ಓದಿಕೊಳ್ಳಿ.

ಅರ್ಹತೆ ನಿರಾಕರಿಸಿದರೆ ಮೊದಲು ಲಿಖಿತ ನಿರ್ಧಾರ ಕೇಳಿ. ಅದರ ದಿನಾಂಕದಿಂದ 30 ದಿನದೊಳಗೆ ಡಿಸ್ಟ್ರಿಕ್ಟ್‌ಗೇ ಮರುಪರಿಶೀಲನೆ ಅರ್ಜಿ. ಅಲ್ಲೂ ಆಗದಿದ್ದರೆ ಮತ್ತೆ 30 ದಿನದೊಳಗೆ ಸೆಬ್ ನಡೆಸುವ ಹೆಲ್ತ್ ಕೇರ್ ಅಥಾರಿಟಿಯ ಮೇಲ್ಮನವಿ ವಿಭಾಗಕ್ಕೆ. ಅರ್ಜಿಯ ಜೊತೆ ಆಫರ್ ಕಾಗದ, ವೇಳಾಪಟ್ಟಿ, ಗಂಟೆಗಳು ಕಾಣುವ ಪೇ ಸ್ಲಿಪ್‌ಗಳು ಇರಲಿ. ಹೆಚ್‌ಆರ್ ಜೊತೆಗಿನ ಮಾತುಕತೆಯನ್ನು ಈಗಿನಿಂದಲೇ ಇಮೇಲ್‌ನಲ್ಲೇ ನಡೆಸಿ. 3.75ಕ್ಕೆ ಒಪ್ಪಿದರೆ 675 ಗಂಟೆಯಾಗುತ್ತದೆ, ಹನ್ನೆರಡು ದಿನ ಸಂಬಳವಿಲ್ಲದೆ ಕಳೆದರೂ 630 ಉಳಿಯುತ್ತದೆ.